ಗೃಹಯಾನಗಳೂ ಇಂಧನಸ್ಥಾನಗಳೂ: ಅಮೆರಿಕಾ ದೇಶದ ಮಾರ್ಗಚರಿತ್ರೆಯಲ್ಲಿ ಒಂದು ಪ್ರಕರಣ

(೧) ವಿಷಯನಿರ್ದೇಶ

ಮಾರ್ಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಾರ್ಗವು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಅದನ್ನು ಯಾರು ಮಾಡಿಸಿದರು, ಅದರ ಮೇಲೆ ಯಾವ ಸರಕು ಸಾಗುತ್ತಿತ್ತು ಎಂಬ ಅಂಶಗಳನ್ನೇ ವಿಚಾರಿಸುವರು. ಮಾರ್ಗದಲ್ಲಿ ನಿಲ್ಲತಕ್ಕ ಸ್ಥಳಗಳ ವಿಚಾರವು ಬಹುಮಟ್ಟಿಗೆ ಹಿಂದೆ ಬೀಳುತ್ತದೆ. ಆದರೆ ನಿಲ್ಲಲು ಎಡೆಯಿಲ್ಲದ ಮಾರ್ಗದಲ್ಲಿ ದೂರಪ್ರಯಾಣವೇ ಸಾಧ್ಯವಿಲ್ಲ. ಅಶೋಕ ಚಕ್ರವರ್ತಿಯ ಏಳನೆಯ ಸ್ತಂಭಶಾಸನದಲ್ಲಿ, ಮಾರ್ಗಗಳ ಪಕ್ಕದಲ್ಲಿ ಆಲದ ಮರಗಳನ್ನು ನೆಡಿಸಿದುದೂ ಬಾವಿಗಳನ್ನು ತೋಡಿಸಿದುದೂ ಪಶುಗಳಿಗೂ ಮನುಷ್ಯರಿಗೂ ಉಪಯೋಗವಾಗುವಂತೆ ನೀರಿನ ತಾಣಗಳನ್ನು ಏರ್ಪಡಿಸಿದುದೂ ಹೇಳಲ್ಪಟ್ಟಿವೆ. ಬಾವಿಗಳ ಅಂತರವನ್ನು ತಿಳಿಸುವ ಅಲ್ಲಿಯ ಪದಕ್ಕೆ ಎಂಟು ಕ್ರೋಶವೆಂದು ಕೆಲವು ವಿದ್ವಾಂಸರೂ ಅರ್ಧ ಕ್ರೋಶವೆಂದು ಮತ್ತೆ ಕೆಲವರೂ ಅರ್ಥ ಹೇಳಿರುವರು. ಮತಭೇದವೇನೇ ಇರಲಿ, ನಿಲ್ದಾಣಗಳ ನಡುವಣ ಅಂತರವು ರಾಜನ ಗಮನಕ್ಕೆ ಅರ್ಹವಾದ ವಿಷಯವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂಸ್ಕೃತದ ಪ್ರಪೆ, ಕನ್ನಡದ ಅರವಟ್ಟಿಗೆ ಇವೂ ಈ ವರ್ಗಕ್ಕೆ ಸೇರಿದವುಗಳೇ. ಬಂಡಿಯನ್ನೆಳೆಯುವ ಎತ್ತಿಗೆ ನೀರು ಹೇಗೋ ಹಾಗೆ ಮೋಟಾರು ವಾಹನಕ್ಕೆ ಪೆಟ್ರೋಲು ಅಥವಾ ಡೀಸೆಲ್ ಎಣ್ಣೆ. ಆದುದರಿಂದ ಇಂಧನವನ್ನು ಮಾರುವ ನಿಲ್ದಾಣದ ಚರಿತ್ರೆಯು ಈ ಹಳೆಯ ಚರಿತ್ರೆಯ ಮುಂದುವರಿದ ಭಾಗವೇ ಆಗಿದೆ.

ಈ ಲೇಖನದ ವಿಷಯವು ಆ ಭಾಗದಲ್ಲಿಯೂ ಒಂದು ಸಣ್ಣ ಪ್ರಕರಣ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮೋಟಾರ್ ಹೋಂ ಎಂಬ ಹೆಸರಿನ ವಾಹನಗಳು ಇರುವುವು. ಮಲಗುವ ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ, ವಿದ್ಯುತ್ತನ್ನು ಉತ್ಪಾದಿಸುವ ಯಂತ್ರ ಇವೆಲ್ಲವೂ ಒಂದೇ ವಾಹನದೊಳಗೆ ಇರುವುದರಿಂದ ಇದನ್ನು ಕನ್ನಡದಲ್ಲಿ ಗೃಹಯಾನವೆಂದು ಕರೆಯಬಹುದು. ಇವುಗಳಲ್ಲಿ ದೊಡ್ಡವು ೪೫ ಅಡಿ ಉದ್ದ, ಎಂಟೂವರೆ ಅಡಿ ಅಗಲ, ೧೨ರಿಂದ ೧೩ ಅಡಿ ಎತ್ತರದವರೆಗೂ ಬೆಳೆದಿವೆ. ವೃತ್ತಿಯಿಂದ ನಿವೃತ್ತರಾದ ದಂಪತಿಗಳು ಅನೇಕರು ವರ್ಷದ ಬಹುಭಾಗವನ್ನು ಇವುಗಳಲ್ಲಿಯೇ ಕಳೆಯುವರು; ಊರಿನ ಮನೆಯನ್ನು ಮಾರಿ ಇದನ್ನೇ ಮನೆಯಾಗಿ ಮಾಡಿಕೊಂಡವರೂ ಉಂಟು.

ಇಲ್ಲಿ ಏಳುವ ಪ್ರಶ್ನೆ ಇದು. ಹೆದ್ದಾರಿಯ ನಿರ್ಗಮನಿರ್ಗಮಕ್ಕೂ ಇಂಧನವನ್ನು ಮಾರುವ ದೇಶದಲ್ಲಿ, ಇಂಥ ವಾಹನವನ್ನು ನಡೆಸುವವನು ಎಲ್ಲಿ ಇಂಧನ ತುಂಬಬೇಕೆಂದು ಹಿಂದಿನ ರಾತ್ರಿಯೇ ಕುಳಿತು ಯೋಚಿಸಬೇಕಾಗಿರುವುದೇಕೆ? ಇಂಧನದ ಕೊರತೆಯೇ ಕಾರಣವೆಂದು ಮೊದಲು ತೋರಬಹುದು. ಈ ಊಹೆಯು ನಿಲ್ಲುವುದಿಲ್ಲವೆಂದೂ, ನಿಲ್ದಾಣದ ಆಕಾರವೇ ಕಾರಣವೆಂದೂ, ಆ ಆಕಾರಕ್ಕೆ ಚಾರಿತ್ರಿಕವಾದ ಹೇತುಗಳಿವೆಯೆಂದೂ ಮುಂದೆ ತೋರಿಸಲಾಗುವುದು.

(೨) ಇಂಧನಸ್ಥಾನದ ಲಕ್ಷಣ

ಪ್ರಪಂಚದ ಮೊದಲನೆಯ ಇಂಧನಸ್ಥಾನವು ಯಾವುದು ಎಂಬ ವಿಷಯದಲ್ಲಿ ನಾಲ್ಕು ಊರುಗಳು ವಾದಿಸುತ್ತವೆ. ಇವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಜರ್ಮನಿಯ ವೀಸ್ಲೋಖ್. ೧೮೮೮ನೆಯ ಆಗಸ್ಟಿನಲ್ಲಿ ಬೆರ್ಟಾ ಬೆನ್ಜ್ ಎಂಬ ಮಹಿಳೆಯು, ತನ್ನ ಪತಿಯಾದ ಕಾರ್ಲ್ ಬೆನ್ಜನು ನಿರ್ಮಿಸಿದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ, ಇಬ್ಬರು ಗಂಡುಮಕ್ಕಳೊಡನೆ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸಾಗಿದಳು. ಆ ಗಾಡಿಗೆ ಬೇರೆ ತೊಟ್ಟಿ ಇರಲಿಲ್ಲ. ಅದು ಒಮ್ಮೆಗೆ ಹಿಡಿಯುತ್ತಿದ್ದುದು ಸುಮಾರು ನಾಲ್ಕೂವರೆ ಲೀಟರು. ಆದುದರಿಂದ ವೀಸ್ಲೋಖಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಬೇಕಾಯಿತು. ಎರಡನೆಯದು ಅಮೆರಿಕಾದ ಸೇಂಟ್ ಲೂಯಿ. ೧೯೦೫ರಲ್ಲಿ ಅಲ್ಲಿ ಎತ್ತರದ ತೊಟ್ಟಿಯಿಂದ ರಬ್ಬರಿನ ಕೊಳವೆಯ ಮೂಲಕ ನೇರವಾಗಿ ಗಾಡಿಗೆ ಪೆಟ್ರೋಲು ಬಿಡುವ ಏರ್ಪಾಡಾಯಿತು. ಮೂರನೆಯದು ೧೯೦೭ರ ಸಿಯಾಟಲ್. ನಾಲ್ಕನೆಯದು ಪಿಟ್ಸ್‌ಬರ್ಗ್, ೧೯೧೩ನೆಯ ಡಿಸೆಂಬರ್ ೧ರಂದು ಗಲ್ಫ್ ಸಂಸ್ಥೆಯವರು ಅಲ್ಲಿಯ ಬಾಮ್ ಬುಲವಾರ್ಡಿನ ಒಂದು ಮೂಲೆಯ ನಿವೇಶನದಲ್ಲಿ, ಇಟ್ಟಿಗೆಯ ಕಟ್ಟಡವನ್ನೂ ದೀಪಗಳುಳ್ಳ ಚಾವಣಿಯನ್ನೂ ಕಟ್ಟಿಸಿ ವ್ಯಾಪಾರವನ್ನಾರಂಭಿಸಿದರು. ಮೊದಲ ದಿನ ಗ್ಯಾಲನ್ನಿಗೆ ೨೭ ಸೆಂಟುಗಳಂತೆ ೩೦ ಗ್ಯಾಲನ್ ಪೆಟ್ರೋಲು ಮಾರಾಟವಾಯಿತೆಂದು ತಿಳಿದುಬರುತ್ತದೆ.

ಈ ವಿವಾದವು ಲಕ್ಷಣವನ್ನು ನಿಶ್ಚಯಿಸಿಕೊಳ್ಳದೆ ವಾದಿಸಿದುದರ ಫಲ. ಇಂಧನವು ದೊರೆಯುವ ಸ್ಥಳವೇ ಇಂಧನಸ್ಥಾನವೆಂದರೆ ವೀಸ್ಲೋಖಿನ ಅಂಗಡಿಯೂ ಇಂಧನಸ್ಥಾನವಾಗುವುದು. ಡಬ್ಬಿಗಳಲ್ಲಿ ಪೆಟ್ರೋಲು ಮಾರುತ್ತಿದ್ದ ಕಿರಾಣಿ ಅಂಗಡಿಯೂ ಕುದುರೆಯ ಲಾಯವೂ ಆಗುವುವು. ಇದು ಅತಿವ್ಯಾಪ್ತಿ. ಕೊಳವೆಯ ಮೂಲಕ ತುಂಬುವ ಸ್ಥಳವೆಂದರೆ ಸೇಂಟ್ ಲೂಯಿಗೆ ಆದಿಪಟ್ಟವು ಸಲ್ಲುವುದು. ವಾಹನವು ಬೀದಿಯನ್ನು ಬಿಟ್ಟು ಒಳಕ್ಕೆ ಬಂದು, ಇಂಧನ ತುಂಬಿಕೊಂಡು, ಮರಳಿ ಬೀದಿಗೆ ಹೋಗುವುದಕ್ಕಾಗಿಯೇ ನಿರ್ಮಿತವಾದ ಸ್ಥಳವೆಂದರೆ ಮಾತ್ರ ಪಿಟ್ಸ್‌ಬರ್ಗಿನ ವಾದವು ಗೆಲ್ಲುವುದು. ಪ್ರಕೃತ ವಿಚಾರಕ್ಕೆ ಬೇಕಾದುದು ಈ ಮೂರನೆಯ ಲಕ್ಷಣವೇ. ಪ್ರವೇಶ, ನಿಲುಗಡೆ, ನಿರ್ಗಮ ಎಂಬ ಮೂರು ಅಂಗಗಳು ಕೂಡಿದಲ್ಲಿ ಇಂಧನಸ್ಥಾನವು ಪೂರ್ಣವಾಗುತ್ತದೆ. ಸಣ್ಣ ಕಾರಿನವನಿಗೆ ಈ ಅಂಗಗಳು ಕಣ್ಣಿಗೆ ಬೀಳುವುದೇ ಇಲ್ಲ. ಗೃಹಯಾನದವನಿಗೆ ಇವುಗಳಲ್ಲಿ ಒಂದು ಲೋಪವಾದರೂ ಉಳಿದ ಎರಡು ವ್ಯರ್ಥ.

ಪಂಪಿನ ಚರಿತ್ರೆಯನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಇಂಡಿಯಾನಾ ಸಂಸ್ಥಾನದ ಫೋರ್ಟ್ ವೇನಿನಲ್ಲಿದ್ದ ಸಿಲ್ವೇನಸ್ ಬೌಸರ್ ಎಂಬಾತನು ೧೮೮೫ರಲ್ಲಿ ಸೀಮೆಎಣ್ಣೆಯನ್ನು ಅಳೆದುಕೊಡುವ ಪಂಪನ್ನು ನಿರ್ಮಿಸಿದನು. ಮುಂದೆ ಅದನ್ನೇ ಪೆಟ್ರೋಲಿಗೂ ಅನ್ವಯಿಸಿದನು. ಅವನ ಹೆಸರು ಆಸ್ಟ್ರೇಲಿಯಾದಲ್ಲಿ ಪಂಪಿಗೇ ಸಾಮಾನ್ಯನಾಮವಾಯಿತು. ಭಾರತದಲ್ಲಿ ಇಂಧನವನ್ನು ಹೊತ್ತು ತಂದು ತುಂಬುವ ವಾಹನಕ್ಕೆ ಬೌಸರ್ ಎಂದು ಹೇಳುವುದು ರೂಢಿಯಲ್ಲಿದೆ. ಉತ್ತರದೇಶದವರು ಪೆಟ್ರೋಲ್ ಪಂಪ್ ಎನ್ನುವ ಸ್ಥಳವನ್ನು ಕನ್ನಡಿಗರು ಬಂಕ್ ಎನ್ನುವರು. ಒಂದು ವ್ಯವಹಾರದಲ್ಲಿ ಯಂತ್ರವು ಸ್ಥಳಕ್ಕೆ ಹೆಸರು ಕೊಟ್ಟಿದೆ. ಇನ್ನೊಂದರಲ್ಲಿ ಕಟ್ಟೆಯಂತಹ ಸ್ಥಳವೇ ಮುಂದಾಗಿ ನಿಂತಿದೆ.

(೩) ಬೀದಿಯ ಅಂಚಿನಿಂದ ಮೂಲೆಯ ನಿವೇಶನಕ್ಕೆ

ಪಿಟ್ಸ್‌ಬರ್ಗಿನ ಮಾದರಿಯು ಕೂಡಲೇ ಎಲ್ಲೆಡೆಯೂ ಹರಡಲಿಲ್ಲ. ಅನೇಕ ವರ್ಷಗಳ ಕಾಲ ಪಂಪುಗಳು ಅಂಗಡಿಗಳ ಮುಂದೆ ಬೀದಿಯ ಅಂಚಿನಲ್ಲಿಯೇ ನಿಂತಿದ್ದುವು. ವಾಹನವು ಬೀದಿಯಲ್ಲಿಯೇ ಅಂಚಿಗೆ ಸರಿದು ನಿಂತು ತುಂಬಿಸಿಕೊಳ್ಳುತ್ತಿದ್ದಿತು. ಇದರಿಂದ ಬೀದಿಯ ಸಂಚಾರಕ್ಕೆ ಅಡ್ಡಿಯಾಗುತ್ತಿದ್ದುದೂ ಬೆಂಕಿಯ ಭಯವಿದ್ದುದೂ ನಿಜ. ೧೯೨೦ರ ದಶಕದಲ್ಲಿ ಅನೇಕ ನಗರಗಳು ಇಂಥ ಪಂಪುಗಳನ್ನು ನಿಷೇಧಿಸಿದುವು. ಈ ನಿಷೇಧವು ಯುಕ್ತವೇ. ಆದರೆ ಅಂಚಿನ ಪಂಪಿಗೆ ಒಂದು ಗುಣವಿದ್ದುದನ್ನು ಮರೆಯಲಾಗದು. ಅಲ್ಲಿ ಒಳಕ್ಕೆ ತಿರುಗುವುದೂ ಇರಲಿಲ್ಲ, ಹೊರಕ್ಕೆ ತಿರುಗುವುದೂ ಇರಲಿಲ್ಲ; ಹತ್ತಡಿಯ ಗಾಡಿಗೂ ಮೂವತ್ತಡಿಯ ಗಾಡಿಗೂ ಅದು ಸಮಾನವಾಗಿದ್ದಿತು. ಪಂಪು ಮೂಲೆಯ ನಿವೇಶನಕ್ಕೆ ಹೋದಾಗ, ನಿವೇಶನದ ಅಳತೆಯೇ ವಾಹನದ ಅಳತೆಗೆ ಮೇರೆಯಾಯಿತು.

ಆ ಕಾಲದಲ್ಲಿ ಇದರಿಂದ ಯಾರಿಗೂ ಕಷ್ಟವಾದಂತೆ ತೋರುವುದಿಲ್ಲ. ಗೃಹಯಾನಗಳು ಆಗಲೇ ಹುಟ್ಟಿದ್ದರೂ ಅವು ವಿರಳವಾಗಿದ್ದುವು. ೧೯೧೦ರಲ್ಲಿ ಪಿಯರ್ಸ್-ಆರೋ ಸಂಸ್ಥೆಯವರು ಟೂರಿಂಗ್ ಲ್ಯಾಂಡೋ ಎಂಬ ವಾಹನವನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದರು. ಅದರ ಹಿಂದಿನ ಆಸನವು ಹಾಸಿಗೆಯಾಗುತ್ತಿದ್ದಿತು. ೧೯೧೫ನೆಯ ಆಗಸ್ಟಿನಲ್ಲಿ ರೋಲೆಂಡ್ ಕಾಂಕ್ಲಿನ್ ಎಂಬ ವಾಹನೋದ್ಯಮಿಯು ಜಿಪ್ಸಿ ವ್ಯಾನ್ ಎಂಬ ೨೫ ಅಡಿ ಉದ್ದದ, ೮ ಟನ್ ತೂಕದ ವಾಹನದಲ್ಲಿ ಕುಟುಂಬಸಮೇತನಾಗಿ ನ್ಯೂಯಾರ್ಕಿನ ಹಂಟಿಂಗ್‌ಟನ್ನಿನಿಂದ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೊರಟನು. ಅದರಲ್ಲಿ ಮಡಿಚುವ ಮೇಜು, ವಿದ್ಯುದ್ದೀಪಗಳು, ಮೇಲ್ಭಾಗದಲ್ಲಿ ಒಂದು ಸಣ್ಣ ತೋಟ ಸಹ ಇದ್ದುವೆಂದು ವರ್ಣಿಸಲ್ಪಟ್ಟಿದೆ. ಇವು ಶ್ರೀಮಂತರ ವಿನೋದಗಳು. ಇವುಗಳಿಗಾಗಿ ಯಾರೂ ನಿಲ್ದಾಣಗಳ ಆಕಾರವನ್ನು ಬದಲಾಯಿಸುವಂತಿರಲಿಲ್ಲ.

ಗೃಹಯಾನವು ಸಾಮಾನ್ಯಜನರ ಕೈಗೆ ಬಂದುದು ೧೯೬೦ರ ದಶಕದಲ್ಲಿ. ಮಿಷಿಗನ್ ಸಂಸ್ಥಾನದ ಬ್ರೌನ್ ಸಿಟಿಯಲ್ಲಿದ್ದ ರೇ ಫ್ರ್ಯಾಂಕ್ ಎಂಬಾತನು ೧೯೫೮ರಲ್ಲಿ ತನ್ನ ಕುಟುಂಬಕ್ಕಾಗಿ ಒಂದನ್ನು ನಿರ್ಮಿಸಿ, ಬಳಿಕ ೧೯೬೦ರ ದಶಕದ ಆರಂಭದಲ್ಲಿ ಅವನ್ನು ಮಾರಾಟಕ್ಕಾಗಿ ತಯಾರಿಸತೊಡಗಿದನು. ಮೋಟಾರ್ ಹೋಂ ಎಂಬ ಹೆಸರನ್ನು ರೂಢಿಗೆ ತಂದವನು ಇವನೇ ಎಂದು ಹೇಳುವರು. ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೋ ಸಂಸ್ಥೆಯು ೧೯೬೬ರಲ್ಲಿ ತನ್ನ ಮೊದಲನೆಯ ಗೃಹಯಾನವನ್ನು ಹೊರತಂದಿತು. ಕಾರಿನ ಅಳತೆಗೆ ರೂಪುಗೊಂಡ ನಿಲ್ದಾಣಗಳು ದೇಶದಲ್ಲೆಲ್ಲ ತುಂಬಿದ ಮೇಲೆ ಗೃಹಯಾನವು ಬಂದಿತೆಂಬ ಈ ಪೂರ್ವಾಪರಕ್ರಮವು ಮುಖ್ಯವಾದುದು.

(೪) ೧೯೫೬ನೆಯ ಶಾಸನ

ಇಷ್ಟರಲ್ಲಿ ಹೆದ್ದಾರಿಗಳ ವ್ಯವಸ್ಥೆಯೇ ಬೇರೆಯಾಗಿದ್ದಿತು. ಇದನ್ನು ತಿಳಿಯಲು ಪೆನ್ಸಿಲ್ವೇನಿಯಾದ ಸುಂಕದ ಹೆದ್ದಾರಿಯಿಂದ ಆರಂಭಿಸಬೇಕು. ೧೯೪೦ನೆಯ ಅಕ್ಟೋಬರ್ ೧ರಂದು ೧೬೦ ಮೈಲಿಗಳ ಈ ಮಾರ್ಗವು ಸಂಚಾರಕ್ಕೆ ತೆರೆಯಲ್ಪಟ್ಟಿತು. ಇಂಧನವನ್ನೂ ಊಟವನ್ನೂ ಒದಗಿಸುವ ನಿಲ್ದಾಣಗಳು ಹೆದ್ದಾರಿಯ ಅಂಗವಾಗಿಯೇ, ಅದರ ಎಲ್ಲೆಯೊಳಗೇ ಇದ್ದುವು. ಪ್ರಯಾಣಿಕನು ಮಾರ್ಗವನ್ನು ಬಿಟ್ಟು ಊರಿನೊಳಕ್ಕೆ ಇಳಿಯಬೇಕಾಗಿರಲಿಲ್ಲ. ಇಂಧನದ ಮಾರಾಟವು ಒಂದೇ ಎಣ್ಣೆಯ ಸಂಸ್ಥೆಗೆ ಒಪ್ಪಂದದ ಮೂಲಕ ಕೊಡಲ್ಪಟ್ಟಿದ್ದಿತು.

ಈ ಏಕಸ್ವಾಮ್ಯವೇ ಮುಂದೆ ಆಕ್ಷೇಪಕ್ಕೆ ಕಾರಣವಾಯಿತು. ೧೯೫೬ನೆಯ ಜೂನ್ ೨೯ರಂದು ಅಧ್ಯಕ್ಷ ಐಸೆನ್‌ಹೋವರನು ಸಹಿಮಾಡಿದ ಹೆದ್ದಾರಿಗಳ ಶಾಸನವು ೪೧,೦೦೦ ಮೈಲಿಗಳ ಅಂತಸ್ಸಂಸ್ಥಾನ ಮಾರ್ಗಜಾಲಕ್ಕೆ ಆಧಾರವಾಯಿತಷ್ಟೆ. ಆ ಶಾಸನದಲ್ಲಿಯೇ, ಈ ಮಾರ್ಗಗಳ ಎಲ್ಲೆಯೊಳಗೆ ವಾಹನಗಳಿಗೆ ಸೇವೆ ಒದಗಿಸುವ ವಾಣಿಜ್ಯ ನಿಲ್ದಾಣಗಳು ಇರಕೂಡದೆಂಬ ವಿಧಿಯೂ ಸೇರಿದೆ. ಒಬ್ಬ ವರ್ತಕನಿಗೆ ಹೆದ್ದಾರಿಯೇ ವಶವಾಗಬಾರದು, ಹೊಸಮಾರ್ಗವು ಪಕ್ಕಕ್ಕೆ ಸರಿಸಿಹೋಗುವ ಊರುಗಳ ಅಂಗಡಿಗಳು ಹಾಳಾಗಬಾರದು ಎಂಬುದು ಇದರ ಆಶಯ. ಮೊದಲೇ ನಿರ್ಮಿತವಾಗಿದ್ದ ಸುಂಕದ ಹೆದ್ದಾರಿಗಳಲ್ಲಿ ಹಳೆಯ ಪದ್ಧತಿಯು ಉಳಿದುಕೊಂಡಿತು. ಉಳಿದ ಮಾರ್ಗಗಳಲ್ಲಿ ಪ್ರಯಾಣಿಕನು ಇಂಧನಕ್ಕಾಗಿ ನಿರ್ಗಮದಲ್ಲಿ ಇಳಿದು, ಹೆದ್ದಾರಿಯನ್ನು ಬಿಟ್ಟು ಹೋಗತಕ್ಕದ್ದು.

ಈ ವಿಧಿಯ ಫಲವು ಎರಡು ಬಗೆ. ಊರುಗಳ ವ್ಯಾಪಾರವು ನಿರ್ಗಮಗಳ ಬಳಿ ಹೊಸದಾಗಿ ಬೆಳೆಯಿತು. ಸ್ಪರ್ಧೆಯಿಂದ ಬೆಲೆಯೂ ಹತೋಟಿಯಲ್ಲಿದ್ದಿತು. ಇದು ಲಾಭ. ಆದರೆ ಹೆದ್ದಾರಿಯನ್ನು ಎಂಜಿನಿಯರುಗಳು ದೀರ್ಘವಾಹನಗಳ ಅಳತೆಗೆ ತಕ್ಕಂತೆ ನಿರ್ಮಿಸಿದರು. ನಿಲ್ದಾಣವನ್ನು ವರ್ತಕನು ತಾನು ಕೊಂಡ ನಿವೇಶನದ ಅಳತೆಗೆ ತಕ್ಕಂತೆ ಕಟ್ಟಿದನು. ಹೆದ್ದಾರಿಯ ಮೇಲೆ ನಿರಾತಂಕವಾಗಿ ಸಾಗುವ ೪೦ ಅಡಿಯ ವಾಹನವು ನಿರ್ಗಮದಿಂದ ಇಳಿದು ಕಾಲು ಮೈಲಿ ಹೋಗುವಷ್ಟರಲ್ಲಿ, ೧೫ ಅಡಿಯ ಕಾರಿಗಾಗಿ ಕಟ್ಟಿದ ಅಂಗಳದ ಮುಂದೆ ಬಂದು ನಿಲ್ಲುತ್ತದೆ. ಗೃಹಯಾನದ ಕಷ್ಟವು ಹುಟ್ಟಿದುದು ಈ ಸಂಧಿಯಲ್ಲಿ.

ಇಂಧನದ ಕೊರತೆಯೇ ಕಾರಣವೆಂಬ ಪೂರ್ವಪಕ್ಷವನ್ನು ಇಲ್ಲಿ ಪರೀಕ್ಷಿಸಬಹುದು. ಯೂಟಾ ಸಂಸ್ಥಾನದಲ್ಲಿ ಸಲೈನಾ ಮತ್ತು ಗ್ರೀನ್ ರಿವರ್ ಎಂಬ ಊರುಗಳ ನಡುವೆ ಎಪ್ಪತ್ತನೆಯ ಸಂಖ್ಯೆಯ ಮಾರ್ಗವು ಸುಮಾರು ೧೧೦ ಮೈಲಿ ಯಾವ ಇಂಧನಸ್ಥಾನವೂ ಇಲ್ಲದೆ ಸಾಗುತ್ತದೆ. ಅಂತಸ್ಸಂಸ್ಥಾನ ಮಾರ್ಗಗಳಲ್ಲಿ ಇಷ್ಟು ದೀರ್ಘವಾದ ಶೂನ್ಯಪ್ರದೇಶವು ಬೇರೆ ಇಲ್ಲವೆಂದು ಪ್ರಸಿದ್ಧಿ. ಪೆಟ್ರೋಲಿನಿಂದ ನಡೆಯುವ ಒಂದು ಗೃಹಯಾನದ ತೊಟ್ಟಿಯು ೮೦ ಗ್ಯಾಲನ್, ಅಂದರೆ ಸುಮಾರು ೩೦೦ ಲೀಟರು, ಹಿಡಿಯುವುದೆಂದೂ ಗ್ಯಾಲನ್ನಿಗೆ ೭ ಮೈಲಿ ಓಡುವುದೆಂದೂ ಇಟ್ಟುಕೊಂಡರೆ, ತುಂಬಿದ ತೊಟ್ಟಿಯಿಂದ ೫೬೦ ಮೈಲಿ ಹೋಗಬಹುದು. ವಾಹನದೊಳಗಣ ವಿದ್ಯುದ್ಯಂತ್ರವು ತೊಟ್ಟಿಯ ಕೊನೆಯ ಕಾಲುಭಾಗವನ್ನು ಮುಟ್ಟದಂತೆ ರಚಿಸಲ್ಪಟ್ಟಿರುವುದು ವಾಡಿಕೆ. ಆ ಕಾಲುಭಾಗವನ್ನು ಬಿಟ್ಟರೂ ೪೨೦ ಮೈಲಿ ಉಳಿಯುವುದು. ಅತಿ ದೀರ್ಘವಾದ ಶೂನ್ಯಪ್ರದೇಶದ ಸುಮಾರು ನಾಲ್ಕರಷ್ಟು ದೂರ ಇದು. ಆದುದರಿಂದ ಸಾಮಾನ್ಯಕಾಲದಲ್ಲಿ ಕೊರತೆಯೆಂಬ ಹೇತುವು ಅಸಿದ್ಧ. ನಿಜವಾದ ಕೊರತೆಯು ಒದಗಿದ ಕಾಲವು ಒಂದುಂಟು. ೧೯೭೩ನೆಯ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯ ರಫ್ತನ್ನು ತಡೆದಾಗ, ಭಾನುವಾರಗಳಲ್ಲಿ ಪೆಟ್ರೋಲು ಮಾರಬಾರದೆಂದು ಅಧ್ಯಕ್ಷ ನಿಕ್ಸನನು ಆ ನವೆಂಬರಿನಲ್ಲಿ ಕೇಳಿಕೊಂಡನು. ೧೯೭೪ನೆಯ ಮಾರ್ಚಿಯವರೆಗೆ ಈ ತಡೆಯು ನಡೆಯಿತು; ಗೃಹಯಾನದ ಉದ್ಯಮಕ್ಕೆ ಬಲವಾದ ಪೆಟ್ಟುಬಿದ್ದಿತು. ಆದರೆ ತಡೆಯು ಕಳೆದ ಮೇಲೂ ಗೃಹಯಾನದವನ ಚಿಂತೆಯು ಕಳೆಯಲಿಲ್ಲ.

(೫) ಲಾರಿ ನಿಲ್ದಾಣಗಳು

ದೀರ್ಘವಾಹನಗಳಿಗೆ ತಕ್ಕ ನಿಲ್ದಾಣಗಳು ಆ ದೇಶದಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ, ಅವು ಲಾರಿಗಳಿಗಾಗಿ ಹುಟ್ಟಿದವು. ಎರಡನೆಯ ಮಹಾಯುದ್ಧದ ತರುವಾಯ ದೂರಸಂಚಾರದ ಲಾರಿಗಳಲ್ಲಿ ಡೀಸೆಲ್ ಯಂತ್ರಗಳು ಹೆಚ್ಚಿದುವು. ಮೂಲೆಯ ನಿಲ್ದಾಣದಲ್ಲಿ ಡೀಸೆಲ್ ಎಣ್ಣೆಯು ದೊರೆಯುವುದು ಅಪೂರ್ವವಾಗಿದ್ದುದರಿಂದ ಲಾರಿಗಳಿಗೆಂದೇ ವಿಶಾಲವಾದ ಅಂಗಳವುಳ್ಳ ನಿಲ್ದಾಣಗಳು ಬೆಳೆದುವು. ಅಯೋವಾ ಸಂಸ್ಥಾನದ ವಾಲ್ಕಾಟಿನಲ್ಲಿ ೧೯೬೪ರಲ್ಲಿ ಆರಂಭವಾದ ಅಯೋವಾ ೮೦ ಎಂಬುದು ಪ್ರಪಂಚದಲ್ಲಿಯೇ ಅತಿದೊಡ್ಡ ಲಾರಿ ನಿಲ್ದಾಣವೆಂದು ಹೆಸರಾಗಿದೆ. ೧೯೫೮ರಲ್ಲಿ ಸ್ಥಾಪಿತವಾದ ಪೈಲಟ್ ಮತ್ತು ೧೯೬೮ರಲ್ಲಿ ಸ್ಥಾಪಿತವಾದ ಫ್ಲೈಯಿಂಗ್ ಜೆ ಎಂಬ ಸಂಸ್ಥೆಗಳು ೨೦೧೦ರಲ್ಲಿ ಒಂದಾದುವು.

ಲಾರಿಯ ಪಂಪುಸಾಲಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ಇಲ್ಲಿ ವಾಹನವು ಒಂದು ಕಡೆಯಿಂದ ನೇರವಾಗಿ ಪ್ರವೇಶಿಸಿ ಇನ್ನೊಂದು ಕಡೆಯಿಂದ ನೇರವಾಗಿ ಹೊರಡುತ್ತದೆ. ಲಾರಿಯ ಎರಡು ಪಕ್ಕಗಳಲ್ಲಿಯೂ ತೊಟ್ಟಿಗಳಿರುವುದರಿಂದ, ಪ್ರಧಾನ ಪಂಪಿನ ಎದುರಿಗೆ ಅದರ ಅಧೀನವಾಗಿ ನಡೆಯುವ ಉಪಪಂಪೊಂದು ಇರುತ್ತದೆ. ಎರಡು ತೊಟ್ಟಿಗಳೂ ಏಕಕಾಲದಲ್ಲಿ ತುಂಬುವುವು. ಕೊಳವೆಯ ಮೂತಿಯು ದಪ್ಪ, ಪ್ರವಾಹವು ವೇಗ. ತುಂಬಿಕೊಂಡ ಲಾರಿಯು ಒಂದು ವಾಹನದಷ್ಟು ದೂರ ಮುಂದಕ್ಕೆ ಸರಿದು ಗೆರೆಯ ಬಳಿ ನಿಂತು, ಹಿಂದಿನವನಿಗೆ ಎಡೆಮಾಡಿಕೊಡುವುದು ಅಲ್ಲಿಯ ಶಿಷ್ಟಾಚಾರ. ಲಾರಿಯವನಿಗೆ ಕಾಲವೇ ಸಂಬಳ.

ಡೀಸೆಲ್ಲಿನಿಂದ ನಡೆಯುವ ಗೃಹಯಾನವು ಈ ಸಾಲಿಗೆ ಸೇರಬಹುದು. ಆದರೂ ಅಲ್ಲಿಯ ದಪ್ಪ ಮೂತಿಯು ಕೆಲವು ವಾಹನಗಳ ತೊಟ್ಟಿಯ ಬಾಯಿಗೆ ಹೊಂದುವುದಿಲ್ಲ. ಹಣ ಸಲ್ಲಿಸುವ ಕ್ರಮವೂ ಲಾರಿಯ ಸಂಸ್ಥೆಗಳ ಪತ್ರಗಳಿಗೆ ತಕ್ಕಂತೆ ಇರುವುದರಿಂದ ಬಿಡಿ ಪ್ರಯಾಣಿಕನು ಅನೇಕ ಕಡೆ ಮೊದಲು ಒಳಗೆ ಹೋಗಿ ಹಣ ಕಟ್ಟಬೇಕು. ಪೆಟ್ರೋಲಿನಿಂದ ನಡೆಯುವ ಗೃಹಯಾನದ ಗತಿಯು ಇದಕ್ಕಿಂತ ಕಷ್ಟ. ಲಾರಿಯ ಸಾಲಿನಲ್ಲಿ ಪೆಟ್ರೋಲು ಇಲ್ಲ. ಪೆಟ್ರೋಲಿರುವ ಸಾಲಿನಲ್ಲಿ ಎಡೆಯಿಲ್ಲ. ದೇಹದಿಂದ ಲಾರಿಯ ಜಾತಿಗೂ ಆಹಾರದಿಂದ ಕಾರಿನ ಜಾತಿಗೂ ಸೇರಿದ ಈ ವಾಹನವು ಎರಡು ಪಂಕ್ತಿಗಳಲ್ಲಿಯೂ ಅಪಾಂಕ್ತೇಯವಾಗಿ ನಿಲ್ಲುತ್ತದೆ. ಫ್ಲೈಯಿಂಗ್ ಜೆ ಮೊದಲಾದ ಕೆಲವರು ಗೃಹಯಾನಗಳಿಗೆಂದೇ ಪೆಟ್ರೋಲು, ಡೀಸೆಲ್ ಎರಡೂ ಇರುವ ಪ್ರತ್ಯೇಕವಾದ ಸಾಲುಗಳನ್ನು ಏರ್ಪಡಿಸಿದುದು ಈ ಅಂತರವನ್ನು ತುಂಬುವ ಪ್ರಯತ್ನವೇ. ಆದರೆ ಇಂಥ ಸಾಲುಗಳು ಎಲ್ಲ ನಿಲ್ದಾಣಗಳಲ್ಲಿಯೂ ಇಲ್ಲ.

(೬) ಪ್ರವೇಶ, ನಿಲುಗಡೆ, ನಿರ್ಗಮ

ಮೇಲೆ ಹೇಳಿದ ಮೂರು ಅಂಗಗಳಲ್ಲಿ ಒಂದೊಂದರ ದೋಷವನ್ನೂ ಪ್ರತ್ಯೇಕವಾಗಿ ನೋಡಬಹುದು.

ಪ್ರವೇಶದಲ್ಲಿ ಮುಖ್ಯವಾದುದು ಚಾವಣಿಯ ಎತ್ತರ. ೧೯೪೭ರಲ್ಲಿ ಲಾಸ್ ಏಂಜಲೀಸಿನಲ್ಲಿ ಗಿರಾಕಿಯೇ ಪೆಟ್ರೋಲು ತುಂಬಿಕೊಳ್ಳುವ ಪದ್ಧತಿಯು ದೊಡ್ಡ ಪ್ರಮಾಣದಲ್ಲಿ ಆರಂಭವಾಗಿ ಮುಂದಿನ ದಶಕಗಳಲ್ಲಿ ಹರಡಿತು. ನ್ಯೂಜರ್ಸಿಯು ೧೯೪೯ರಲ್ಲಿ ಇದನ್ನು ನಿಷೇಧಿಸಿ ಇಂದಿಗೂ ಹಾಗೆಯೇ ಉಳಿಸಿಕೊಂಡಿದೆ. ಆರಿಗನ್ ೧೯೫೧ರಲ್ಲಿ ನಿಷೇಧಿಸಿ ೨೦೨೩ರಲ್ಲಿ ನಿಷೇಧವನ್ನು ತೆಗೆಯಿತು. ಗಿರಾಕಿಯೇ ಹೊರಗೆ ನಿಲ್ಲಬೇಕಾದುದರಿಂದ ಅವನನ್ನು ಮಳೆಬಿಸಿಲುಗಳಿಂದ ಕಾಪಾಡುವ ದೊಡ್ಡ ಚಾವಣಿಗಳು ಸಾಮಾನ್ಯವಾದುವು. ಕಾರಿನವನಿಗೆ ಇದು ಉಪಕಾರ. ೧೩ ಅಡಿಯ ವಾಹನಕ್ಕೆ ಇದೇ ಅಡ್ಡಗೋಡೆ. ಗೃಹಯಾನದ ನೆತ್ತಿಯಲ್ಲಿ ತಂಪುಮಾಡುವ ಯಂತ್ರವೂ ಗಾಳಿಯ ಕಿಂಡಿಗಳೂ ಇರುವುದರಿಂದ ಒಂದು ಅಂಗುಲದ ವ್ಯತ್ಯಾಸವೂ ಹಾನಿಕರ.

ನಿಲುಗಡೆಯಲ್ಲಿ ಪಂಪುಕಟ್ಟೆಗಳ ದಿಕ್ಕು ಮುಖ್ಯ. ಕಟ್ಟೆಗಳು ಅಂಗಡಿಗೆ ಸಮಾಂತರವಾಗಿದ್ದರೆ ವಾಹನವು ಬೀದಿಯ ದಿಕ್ಕಿನಲ್ಲಿಯೇ ಒಳಹೊಕ್ಕು ಹೊರಬೀಳಬಹುದು. ಅವು ಅಂಗಡಿಗೆ ಅಭಿಮುಖವಾಗಿದ್ದರೆ ವಾಹನದ ಮೂತಿಯು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮುಂದೆ ನಿಂತ ಕಾರುಗಳು ಸರಿಯುವವರೆಗೆ ದಾರಿಯಿಲ್ಲ, ವಾಹನದ ಬಾಲವು ಬೀದಿಯಲ್ಲಿ ಉಳಿದರೂ ಉಳಿಯಬಹುದು. ಈ ಕಾರಣದಿಂದಲೇ ಅನುಭವಿಗಳು ಸಮಾಂತರವಾದ ಕಟ್ಟೆಗಳನ್ನೂ ಅವುಗಳಲ್ಲಿ ಅತ್ಯಂತ ಹೊರಗಿನ ಕಟ್ಟೆಯನ್ನೂ ಆರಿಸಿಕೊಳ್ಳುವರು. ನಿಲ್ಲುವ ಕಾಲವೂ ದೀರ್ಘ. ಪೆಟ್ರೋಲಿನ ಪಂಪು ನಿಮಿಷಕ್ಕೆ ೧೦ ಗ್ಯಾಲನ್ನಿಗೆ ಹೆಚ್ಚಾಗಿ ಬಿಡಕೂಡದೆಂಬ ನಿಯಮವು ೧೯೯೦ರ ದಶಕದಲ್ಲಿ ಜಾರಿಗೆ ಬಂದಿತು. ೬೦ ಗ್ಯಾಲನ್ ತುಂಬಲು ಕನಿಷ್ಠಪಕ್ಷ ಆರು ನಿಮಿಷ ಬೇಕು. ಪಂಪಿನಲ್ಲಿಯೇ ಹಣ ಸಲ್ಲಿಸಿದರೆ ನಿಗದಿಯಾದ ಮೊತ್ತವನ್ನು ಮುಟ್ಟಿದೊಡನೆ ಪಂಪು ನಿಂತುಹೋಗುವುದೂ ಉಂಟು. ಆಗ ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಿಂದೆ ಕಾದವರ ಅಸಹನೆಯನ್ನು ಊಹಿಸಬಹುದು.

ನಿರ್ಗಮದ ದೋಷವು ಎಲ್ಲಕ್ಕಿಂತ ಕಠಿನ. ದೊಡ್ಡ ಗೃಹಯಾನದಲ್ಲಿ ಹಿಂದಿನ ಚಕ್ರಗಳಿಂದ ಹಿಂದಕ್ಕೆ ಹತ್ತು ಅಡಿಗೂ ಹೆಚ್ಚಾದ ಭಾಗವು ಚಾಚಿಕೊಂಡಿರುವುದುಂಟು. ವಾಹನವು ಬಲಕ್ಕೆ ತಿರುಗಿದಾಗ ಈ ಬಾಲವು ಎಡಕ್ಕೆ ಬೀಸುತ್ತದೆ. ಪಂಪನ್ನೂ ಅದರ ರಕ್ಷಣೆಗೆ ನೆಟ್ಟ ಕಂಬವನ್ನೂ ತಾಗುವುದು ಬಹುಮಟ್ಟಿಗೆ ಹೊರಡುವಾಗಲೇ. ಇದಲ್ಲದೆ ಅನೇಕರು ಊರೊಳಗೆ ಓಡಾಡುವುದಕ್ಕಾಗಿ ಸಣ್ಣ ಕಾರೊಂದನ್ನು, ನಾಲ್ಕು ಚಕ್ರಗಳೂ ನೆಲದ ಮೇಲಿರುವಂತೆ, ಹಿಂದೆ ಕಟ್ಟಿಕೊಂಡು ಹೋಗುವರು. ಹೀಗೆ ಕಟ್ಟಿದ ಕಾರಿನ ಮುಂಚಕ್ರಗಳು ಹಿಂದಕ್ಕೆ ನೂಕಿದಾಗ ತಾವಾಗಿ ಓರೆಯಾಗುವುದರಿಂದ ಆ ಜೋಡಿಯನ್ನು ಹಿಂದಕ್ಕೆ ನಡೆಸುವುದು ಸಾಧ್ಯವಿಲ್ಲ. ತಪ್ಪಾದ ಅಂಗಳವನ್ನು ಹೊಕ್ಕವನು ಕೆಳಗಿಳಿದು, ಕಾರನ್ನು ಬಿಚ್ಚಿ, ಎರಡು ವಾಹನಗಳನ್ನೂ ಬೇರೆಬೇರೆಯಾಗಿ ಹೊರತಂದು, ಮತ್ತೆ ಕಟ್ಟಬೇಕು. ಎಪ್ಪತ್ತು ವರ್ಷದ ದಂಪತಿಗಳಿಗೆ ಮಳೆಯ ಸಂಜೆಯಲ್ಲ�ಿ ಇದು ಸಣ್ಣ ಕೆಲಸವಲ್ಲ. ಹಿಂದಿನ ರಾತ್ರಿಯ ಯೋಚನೆಯ ಕಾರಣವು ಇದರಿಂದ ವಿಶದವಾಗುತ್ತದೆ.

(೭) ಪಟ್ಟಿಗಳೂ ಫಲಕಗಳೂ

ನಿಲ್ದಾಣದ ಆಕಾರವನ್ನು ಬದಲಾಯಿಸಲಾರದವನು ಅದನ್ನು ಮುಂಚಿತವಾಗಿ ತಿಳಿದುಕೊಳ್ಳಲು ಯತ್ನಿಸುವನು. ನಿರ್ಗಮಗಳ ಸಂಖ್ಯಾಕ್ರಮದಲ್ಲಿ ನಿಲ್ದಾಣಗಳನ್ನು ಪಟ್ಟಿಮಾಡಿ, ದೊಡ್ಡ ವಾಹನಗಳಿಗೆ ಎಡೆಯಿರುವವುಗಳನ್ನು ಕೆಂಪಕ್ಷರಗಳಲ್ಲಿ ಮುದ್ರಿಸಿದ ದಿ ನೆಕ್ಸ್ಟ್ ಎಕ್ಸಿಟ್ ಎಂಬ ಗ್ರಂಥವು ಗೃಹಯಾನದವರಲ್ಲಿ ಬಹಳ ಪ್ರಚಾರಕ್ಕೆ ಬಂದಿತು. ಈಗ ಉಪಗ್ರಹಗಳಿಂದ ತೆಗೆದ ಚಿತ್ರಗಳಲ್ಲಿ ಅಂಗಳದ ಆಕಾರವನ್ನೂ ಕಟ್ಟೆಗಳ ದಿಕ್ಕನ್ನೂ ನೋಡಿಕೊಂಡು ಹೊರಡುವುದು ರೂಢಿಯಾಗಿದೆ. ಚಾವಣಿಯ ಎತ್ತರವು ಮಾತ್ರ ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ.

ಸರಕಾರದ ಕಡೆಯಿಂದ ಆದ ಕಾರ್ಯವು ಒಂದು ಫಲಕ. ಹೆದ್ದಾರಿಯ ನಿರ್ಗಮಕ್ಕೆ ಮುಂಚೆ ಇಂಧನ, ಊಟ, ವಸತಿಗಳ ವರ್ತಕಚಿಹ್ನೆಗಳನ್ನು ತೋರಿಸುವ ನೀಲಿಯ ಫಲಕಗಳು ಆ ದೇಶದಲ್ಲಿ ಉಂಟಷ್ಟೆ. ೨೦೦೫ರಲ್ಲಿ ಕೇಂದ್ರ ಹೆದ್ದಾರಿ ಇಲಾಖೆಯು, ದೊಡ್ಡ ಗೃಹಯಾನಗಳಿಗೆ ಅನುಕೂಲವಾದ ಸ್ಥಳಗಳ ಚಿಹ್ನೆಯೊಡನೆ ಹಳದಿಯ ವೃತ್ತದಲ್ಲಿ ಆರ್‌ವಿ ಎಂಬ ಕಪ್ಪಕ್ಷರಗಳನ್ನು ಸೇರಿಸಲು ಅನುಮತಿ ಕೊಟ್ಟಿತು. ೨೦೦೯ರ ಮಾರ್ಗಚಿಹ್ನೆಗಳ ಕೈಪಿಡಿಯಲ್ಲಿ ಇದು ಸೇರಿತು. ಇದಕ್ಕೆ ಹೇಳಿದ ಲಕ್ಷಣಗಳು ಗಮನಾರ್ಹವಾಗಿವೆ. ಒಳಹೊಗುವ ಮತ್ತು ಹೊರಡುವ ದಾರಿಗಳು ಗುಂಡಿಗಳಿಲ್ಲದ ಗಟ್ಟಿನೆಲವಾಗಿರಬೇಕು. ಅಗಲವು ೧೨ ಅಡಿಗೆ ಕಡಮೆಯಾಗಿರಬಾರದು. ತಿರುಗಲು ೫೦ ಅಡಿಯ ತ್ರಿಜ್ಯವಿರಬೇಕು. ಇಂಧನಸ್ಥಾನವಾದರೆ ವಾಹನವು ಹಿಂದಕ್ಕೆ ಸರಿಯದೆ ನೇರವಾಗಿ ದಾಟಿಹೋಗುವಂತಿರಬೇಕು; ಚಾವಣಿಯಿದ್ದರೆ ೧೪ ಅಡಿ ತೆರವಿರಬೇಕು; ಡೀಸೆಲ್ ಮಾರುವುದಾದರೆ ಲಾರಿಗಳದಲ್ಲದ ಸಾಮಾನ್ಯ ಮೂತಿಯ ಕೊಳವೆಯಿರಬೇಕು. ಊಟದ ಸ್ಥಳ ಮೊದಲಾದುವುಗಳಲ್ಲಿ ೧೨ ಅಡಿ ಅಗಲ, ೬೫ ಅಡಿ ಉದ್ದದ ಎರಡು ನಿಲುಗಡೆಯ ಎಡೆಗಳಾದರೂ ಇರಬೇಕು.

ಈ ಲಕ್ಷಣವಾಕ್ಯಗಳನ್ನು ಹಿಂದಿನ ಭಾಗದೊಡನೆ ಹೋಲಿಸಿದರೆ, ಮೂರು ಅಂಗಗಳ ಒಂದೊಂದು ದೋಷಕ್ಕೂ ಇಲ್ಲಿ ಒಂದೊಂದು ಪರಿಹಾರವು ಹೇಳಿರುವುದು ಕಂಡುಬರುತ್ತದೆ. ಇಂಧನದ ಬೆಲೆಯನ್ನಾಗಲಿ ಪರಿಮಾಣವನ್ನಾಗಲಿ ಕುರಿತು ಒಂದು ಮಾತೂ ಇಲ್ಲ. ಸ್ಥಳದ ಆಕಾರವೇ ಕಾರಣವೆಂಬ ಪಕ್ಷಕ್ಕೆ ಇದಕ್ಕಿಂತ ಬಲವಾದ ಪ್ರಮಾಣವು ಬೇಕಾಗಿಲ್ಲ. ೧೯೧೩ರಲ್ಲಿ ಪಿಟ್ಸ್‌ಬರ್ಗಿನ ಮೂಲೆಯಲ್ಲಿ ಕಾರಿಗಾಗಿ ನಿರ್ಮಿತವಾದ ಲಕ್ಷಣವು ೯೨ ವರ್ಷಗಳ ಬಳಿಕ ಗೃಹಯಾನಕ್ಕಾಗಿ ಪುನಃ ಬರೆಯಲ್ಪಟ್ಟಿತು.

(೮) ಸಿದ್ಧಾಂತ

ಪ್ರವೇಶವೆಂಬ ಶಬ್ದಕ್ಕೆ ಆ ದೇಶದ ಇಂಧನಸ್ಥಾನಗಳ ಚರಿತ್ರೆಯಲ್ಲಿ ಇನ್ನೆರಡು ಅರ್ಥಗಳುಂಟು. ಅವನ್ನು ಬಿಟ್ಟರೆ ವಿಚಾರವು ಅಪೂರ್ಣವಾಗುವುದು. ಮೊದಲನೆಯದು ವರ್ಣಕ್ಕೆ ಸಂಬಂಧಿಸಿದುದು. ಕರಿಯ ಜನರನ್ನು ಊಟಕ್ಕೂ ವಸತಿಗೂ ಶೌಚಕ್ಕೂ ಸೇರಿಸದ ಸ್ಥಳಗಳು ಅಸಂಖ್ಯಾತವಾಗಿದ್ದ ಕಾಲದಲ್ಲಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ವಾಸವಾಗಿದ್ದ, ವೃತ್ತಿಯಿಂದ ಅಂಚೆಯವನಾದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬಾತನು ೧೯೩೬ರಲ್ಲಿ, ಅವರಿಗೆ ಎಡೆಕೊಡುವ ಸ್ಥಳಗಳ ಪಟ್ಟಿಯನ್ನು ಗ್ರೀನ್ ಬುಕ್ ಎಂಬ ಹೆಸರಿನಿಂದ ಪ್ರಕಟಿಸಿದನು. ಮೂವತ್ತು ವರ್ಷಗಳವರೆಗೆ ಇದು ನಡೆಯಿತು. ಎಸ್ಸೋ ಸಂಸ್ಥೆಯ ನಿಲ್ದಾಣಗಳಲ್ಲಿ ಇದು ದೊರೆಯುತ್ತಿದ್ದಿತು. ೧೯೬೪ನೆಯ ಜುಲೈ ೨ರ ನಾಗರಿಕಹಕ್ಕುಗಳ ಶಾಸನವು ವರ್ಣಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕಾದ ಸ್ಥಳಗಳನ್ನೆಣಿಸುವಾಗ ಪೆಟ್ರೋಲಿನ ನಿಲ್ದಾಣವನ್ನು ಹೆಸರಿಸಿಯೇ ಹೇಳಿದೆ. ಎರಡನೆಯದು ದೇಹಕ್ಕೆ ಸಂಬಂಧಿಸಿದುದು. ೧೯೯೦ರ ಅಂಗವಿಕಲರ ಶಾಸನಕ್ಕನುಸಾರವಾಗಿ, ತಾನಾಗಿ ತುಂಬಿಕೊಳ್ಳಲಾರದ ಅಂಗವಿಕಲನಿಗೆ ನಿಲ್ದಾಣದವರು, ಒಬ್ಬನೇ ನೌಕರನಿರುವ ವೇಳೆಯನ್ನುಳಿದು, ಹೆಚ್ಚು ಬೆಲೆ ತೆಗೆದುಕೊಳ್ಳದೆ ತುಂಬಿಕೊಡತಕ್ಕದ್ದು.

ಈ ಎರಡು ಪ್ರವೇಶಗಳಿಗೆ ಶಾಸನದ ಬಲವಿದೆ. ಇರಬೇಕಾದುದೂ ನ್ಯಾಯವೇ, ಏಕೆಂದರೆ ಅವು ಮನುಷ್ಯನ ಗೌರವಕ್ಕೆ ಸೇರಿದವು. ಗೃಹಯಾನದ ಪ್ರವೇಶವನ್ನು ಇವುಗಳ ಸಾಲಿನಲ್ಲಿ ನಿಲ್ಲಿಸುವುದು ಯುಕ್ತವಲ್ಲ. ದೊಡ್ಡ ವಾಹನವನ್ನು ಕೊಂಡವನು ಇಷ್ಟಪಟ್ಟು ಕೊಂಡವನು. ಆದರೂ ಈ ಮೂರಕ್ಕೂ ಸಾಮಾನ್ಯವಾದ ಒಂದು ಧರ್ಮವಿದೆ. ತಡೆಯಲ್ಪಟ್ಟವನು ಮೊದಲು ಪಟ್ಟಿಯೊಂದನ್ನು ಮಾಡಿಕೊಳ್ಳುವನು, ಪಟ್ಟಿಯು ಲಕ್ಷಣವಾಗುವುದು, ಲಕ್ಷಣವು ಕೆಲವು ವೇಳೆ ವಿಧಿಯಾಗುವುದು. ಗ್ರೀನ್ ಬುಕ್ಕಿನ ವಿಷಯದಲ್ಲಿ ವಿಧಿಯು ಬಂದೊಡನೆ ಪಟ್ಟಿಯು ಅನಾವಶ್ಯಕವಾಯಿತು. ಲಾರಿಗಳ ವಿಷಯದಲ್ಲಿ, ಅಗಲವಾದ ಲಾರಿಗಳಿಗೆ ಮಾನ್ಯತೆ ಕೊಟ್ಟ ೧೯೮೨ರ ಶಾಸನವು ಊಟ, ಇಂಧನ, ದುರಸ್ತಿ, ವಿಶ್ರಾಂತಿಗಳ ಸ್ಥಳಗಳಿಗೆ ಹೋಗುವ ದಾರಿಯನ್ನು ಸಂಸ್ಥಾನಗಳು ಅಕಾರಣವಾಗಿ ತಡೆಯಕೂಡದೆಂದು ವಿಧಿಸಿತು. ಆ ವಿಧಿಯೂ ನಿಲ್ದಾಣದ ಬಾಗಿಲವರೆಗೆ ಹೋಗುತ್ತದೆಯೇ ಹೊರತು ಅಂಗಳದೊಳಕ್ಕೆ ಹೋಗುವುದಿಲ್ಲ. ಗೃಹಯಾನದ ವಿಷಯದಲ್ಲಿ ಚರಿತ್ರೆಯು ಲಕ್ಷಣದವರೆಗೆ ಮಾತ್ರ ಬಂದು ನಿಂತಿದೆ. ಹಳದಿಯ ವೃತ್ತವನ್ನು ಪಡೆಯುವುದೂ ಬಿಡುವುದೂ ವರ್ತಕನ ಇಚ್ಛೆ.

ಆದುದರಿಂದ ನಿಶ್ಚಯವಾಗಿ ಹೇಳತಕ್ಕ ಅಂಶಗಳು ಇವು. ಗೃಹಯಾನದವನ ಕಷ್ಟಕ್ಕೆ ಕಾರಣವು ಇಂಧನದ ಅಭಾವವಲ್ಲ, ಸ್ಥಳದ ಆಕಾರ. ಆ ಆಕಾರಕ್ಕೆ ಕಾರಣಗಳು ಮೂರು: ಕಾರಿನ ಅಳತೆಗೆ ಕಟ್ಟಿದ ಮೂಲೆಯ ನಿವೇಶನ, ನಿಲ್ದಾಣವನ್ನು ಹೆದ್ದಾರಿಯಿಂದ ಬೇರ್ಪಡಿಸಿದ ೧೯೫೬ರ ವಿಧಿ, ಡೀಸೆಲ್ ಲಾರಿಗಳಿಗಾಗಿಯೇ ಬೆಳೆದ ದೊಡ್ಡ ಅಂಗಳ. ಈ ಮೂರನ್ನೂ ಮಾಡಿದವರು ತಮ್ಮ ತಮ್ಮ ಕಾಲದಲ್ಲಿ ಯುಕ್ತವಾದುದನ್ನೇ ಮಾಡಿದರು. ಅವರಲ್ಲಿ ಯಾರೂ ಗೃಹಯಾನವನ್ನು ತಡೆಯಬೇಕೆಂದು ಯೋಚಿಸಿದವರಲ್ಲ. ಮೂರು ಯುಕ್ತವಾದ ನಿರ್ಧಾರಗಳು ಸೇರಿ ನಾಲ್ಕನೆಯವನಿಗೆ ದಾರಿಯಿಲ್ಲದಂತಾಗುವುದು ಮಾರ್ಗಗಳ ಚರಿತ್ರೆಯಲ್ಲಿ ವಿರಳವಲ್ಲ. ಮಾರ್ಗವನ್ನು ಅಳೆಯುವವರು ಮೈಲಿಗಳೊಡನೆ ನಿಲ್ದಾಣಗಳ ಅಂಗಳವನ್ನೂ ಅಳೆಯಬೇಕೆಂಬುದೇ ಈ ಪ್ರಕರಣದಿಂದ ತಿಳಿಯತಕ್ಕ ವಿಷಯವಾಗಿದೆ.